ಮೃತ್ತಿಕಾಶಾಸ್ತ್ರಜ್ಞರ ಪ್ರಥಮ ಮಹಾಸಮ್ಮೇಳನ: ವಾಷಿಂಗ್ಟನ್, ೧೯೨೭

ಕ್ರಿ.ಶ. ೧೯೨೭ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಧಾನಿಯಾದ ವಾಷಿಂಗ್ಟನ್ ನಗರದಲ್ಲಿ ಮೃತ್ತಿಕಾಶಾಸ್ತ್ರದ, ಎಂದರೆ ಮಣ್ಣಿನ ಶಾಸ್ತ್ರದ, ಪ್ರಥಮ ಅಂತರರಾಷ್ಟ್ರೀಯ ಮಹಾಸಮ್ಮೇಳನವು ಸೇರಿತು. ಸಂಧಿಕೌಲುಗಳಿಗೂ ಯುದ್ಧಗಳಿಗೂ ದೊರೆಯುವ ಸ್ಥಾನವು ಇಂತಹ ಸಭೆಗಳಿಗೆ ಚರಿತ್ರೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ದೊರೆಯುವುದಿಲ್ಲ. ಆದರೆ ಭೂಕಂದಾಯದ ಇತಿಹಾಸವನ್ನು ಅಭ್ಯಸಿಸುವವರಿಗೆ ಈ ಸಭೆಯು ಅಪರಿಚಿತವಾಗಿ ಉಳಿಯತಕ್ಕದ್ದಲ್ಲ. ಅದಕ್ಕೆ ಕಾರಣವನ್ನು ಮುಂದೆ ಕಾಣಬಹುದು.

ಮಣ್ಣೆಂದರೇನು? ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳು ಬಳಕೆಯಲ್ಲಿದ್ದವು. ೧೮೪೦ರಲ್ಲಿ ತಮ್ಮ ಪ್ರಸಿದ್ಧ ಗ್ರಂಥವನ್ನು ಹೊರತಂದ ಲೀಬಿಗ್ ಅವರ ಅನುಯಾಯಿಗಳಾದ ರಸಾಯನಶಾಸ್ತ್ರಜ್ಞರಿಗೆ ಅದು ಪೈರಿನ ಆಹಾರವನ್ನು ಕೂಡಿಟ್ಟ ಉಗ್ರಾಣ. ಭೂಗರ್ಭಶಾಸ್ತ್ರಜ್ಞರಿಗೆ ಅದು ಸವೆದ ಬಂಡೆಯ ಪುಡಿ. ಇಬ್ಬರ ದೃಷ್ಟಿಯಲ್ಲಿಯೂ ಮಣ್ಣಿಗೆ ತನ್ನದೇ ಆದ ಚರಿತ್ರೆಯಿರಲಿಲ್ಲ. ಆ ಚರಿತ್ರೆಯನ್ನು ಗುರುತಿಸಿದವರು ರಷ್ಯದ ದೊಕುಚಾಯೆವ್ (೧೮೪೬–೧೯೦೩). ಕ್ಷಾಮದಿಂದ ಬಳಲಿದ ಕರಿಮಣ್ಣಿನ ಬಯಲುಗಳ ಪರಿಶೀಲನೆಗೆ ೧೮೭೭ರಲ್ಲಿ ನಿಯುಕ್ತರಾದ ಇವರು ೧೮೮೩ರಲ್ಲಿ ‘ರಷ್ಯದ ಚೆರ್ನೊಜೆಮ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಹವೆ, ಸಸ್ಯ ಹಾಗೂ ಜೀವಿಗಳು, ಮೂಲಶಿಲೆ, ನೆಲದ ಏರಿಳಿತ, ಕಾಲ – ಈ ಐದರ ಕೂಡುವಿಕೆಯಿಂದ ಮಣ್ಣು ಹುಟ್ಟಿ ಬೆಳೆಯುತ್ತದೆಂದೂ, ಆದುದರಿಂದ ಒಂದೇ ಶಿಲೆಯ ಮೇಲೆ ಬೇರೆ ಬೇರೆ ಹವೆಯಲ್ಲಿ ಬೇರೆ ಬೇರೆ ಮಣ್ಣುಗಳು ಉಂಟಾಗುವುವೆಂದೂ ಅವರ ಸಿದ್ಧಾಂತ. ಗುಂಡಿ ತೋಡಿ ಅದರ ಗೋಡೆಯನ್ನು ನೋಡಿದರೆ ಮಣ್ಣಿನ ಸ್ತರಗಳು ಕಾಣುತ್ತವೆ. ಪ್ರಾಕ್ತನಶೋಧಕರ ಸ್ತರಗಳಂತೆ ಇವು ಒಂದಾದ ಮೇಲೊಂದು ಬಂದು ಬಿದ್ದವುಗಳಲ್ಲ. ಮಳೆಯ ನೀರು ಇಳಿದು, ಬೇರು ಹಬ್ಬಿ, ಒಂದೇ ರಾಶಿಯೊಳಗೆ ಏಕಕಾಲದಲ್ಲಿ ಬೇರ್ಪಟ್ಟವು. ನಮ್ಮಂತಹ ಇತಿಹಾಸದ ವಿದ್ಯಾರ್ಥಿಗಳು ಎಡವುವುದು ಸಾಮಾನ್ಯವಾಗಿ ಈ ಸ್ಥಳದಲ್ಲಿಯೇ.

ಈ ವಿಚಾರಗಳು ಬಹುಕಾಲ ರಷ್ಯನ್ ಭಾಷೆಯಲ್ಲಿಯೇ ಉಳಿದವು. ದೊಕುಚಾಯೆವ್ ಅವರ ಶಿಷ್ಯರಾದ ಗ್ಲಿಂಕಾ ೧೯೧೪ರಲ್ಲಿ ಜರ್ಮನ್ ಭಾಷೆಯಲ್ಲೊಂದು ಗ್ರಂಥವನ್ನು ಹೊರತಂದರು. ಅಮೆರಿಕೆಯ ಮಣ್ಣಿನ ಸರ್ವೆಯ ಮುಖ್ಯರಾಗಿದ್ದ ಮಾರ್ಬಟ್ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಆ ಭಾಷಾಂತರವು ಸಮ್ಮೇಳನದ ವರ್ಷವಾದ ೧೯೨೭ರಲ್ಲಿಯೇ ಪ್ರಕಟವಾಯಿತು. ಭಾಷಾಂತರವನ್ನು ಎರಡನೆಯ ದರ್ಜೆಯ ಕೆಲಸವೆಂದು ಎಣಿಸುವವರು ಈ ನಿದರ್ಶನವನ್ನು ಗಮನಿಸಬೇಕು.

ಬುಡಾಪೆಸ್ಟ್ (೧೯೦೯), ಸ್ಟಾಕ್‌ಹೋಮ್ (೧೯೧೦), ಪ್ರಾಗ್ (೧೯೨೨), ರೋಮ್ (೧೯೨೪) – ಇವು ಹಿಂದಿನ ಸಭೆಗಳು. ರೋಮಿನಲ್ಲಿ ಅಂತರರಾಷ್ಟ್ರೀಯ ಮೃತ್ತಿಕಾಶಾಸ್ತ್ರ ಸಂಘವು ಸ್ಥಾಪಿತವಾಯಿತು. ವಾಷಿಂಗ್ಟನ್ನಿನ ಸಭೆಗೆ ಅಧ್ಯಕ್ಷರಾದ ಲಿಪ್‌ಮನ್, ರಷ್ಯ ಸಾಮ್ರಾಜ್ಯದಲ್ಲಿ ಹುಟ್ಟಿ ಹುಡುಗನಾಗಿದ್ದಾಗ ಅಮೆರಿಕೆಗೆ ವಲಸೆ ಬಂದವರು. ಸೋವಿಯತ್ ಸರ್ಕಾರಕ್ಕೆ ಅಮೆರಿಕವು ೧೯೩೩ರವರೆಗೆ ಮನ್ನಣೆಯನ್ನೇ ಕೊಟ್ಟಿರಲಿಲ್ಲ. ಆದರೂ ಗ್ಲಿಂಕಾ ಅವರ ನೇತೃತ್ವದಲ್ಲಿ ರಷ್ಯದ ವಿದ್ವಾಂಸರು ಬಂದರು. ಇಂಗ್ಲಿಷಿನಲ್ಲಿ ಅಚ್ಚು ಮಾಡಿಸಿದ ಕಿರುಹೊತ್ತಗೆಗಳನ್ನು ಜತೆಯಲ್ಲಿ ತಂದರು. ರಾಜ್ಯಗಳ ನಡುವೆ ರಾಯಭಾರಿಗಳಿಲ್ಲದ ಕಾಲದಲ್ಲಿ ಮುಂದಿನ ಸಮ್ಮೇಳನದ ಅಧ್ಯಕ್ಷರನ್ನಾಗಿ ಸಭೆಯು ಗ್ಲಿಂಕಾ ಅವರನ್ನೇ ಆರಿಸಿತು.

ಪ್ರಬಂಧಗಳ ವಿಷಯವನ್ನು ವಿಸ್ತರಿಸುವುದು ಅನವಶ್ಯಕ. ಮಾರ್ಬಟ್ ಮಂಡಿಸಿದ ವರ್ಗೀಕರಣವೊಂದನ್ನು ಮಾತ್ರ ಹೇಳಬಹುದು: ಒಣ ಸೀಮೆಯಲ್ಲಿ ಸುಣ್ಣವು ಶೇಖರವಾದ ಮಣ್ಣುಗಳು, ತೇವದ ಸೀಮೆಯಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಶೇಖರವಾದ ಮಣ್ಣುಗಳು ಎಂಬ ಎರಡು ಮಹಾವಿಭಾಗಗಳು. ಮುಂದೆ ಇದು ಬಳಕೆ ತಪ್ಪಿತು. ಸಭೆಗಿಂತ ಅದರ ತರುವಾಯದ ಪ್ರವಾಸವೇ ಹೆಚ್ಚು ಫಲಕಾರಿಯಾಯಿತೆಂದು ತೋರುತ್ತದೆ. ಪ್ರತಿನಿಧಿಗಳು ವಿಶೇಷ ರೈಲಿನಲ್ಲಿ ಸುಮಾರು ಒಂದು ತಿಂಗಳ ಕಾಲ ಅಮೆರಿಕ, ಕೆನಡ ದೇಶಗಳನ್ನು ಸುತ್ತಿ, ಅಲ್ಲಲ್ಲಿ ಇಳಿದು ಗುಂಡಿಗಳ ಗೋಡೆಗಳನ್ನು ಪರೀಕ್ಷಿಸಿದರು. ಆ ರೈಲಿನಲ್ಲಿದ್ದ ಸ್ವಿಟ್ಜರ್ಲೆಂಡಿನ ತರುಣ ಹಾನ್ಸ್ ಯೆನಿ ಮೇಲೆ ಹೇಳಿದ ಐದು ಕಾರಣಗಳನ್ನು ಗಣಿತದ ಸಮೀಕರಣದ ರೂಪಕ್ಕೆ ತಂದು ೧೯೪೧ರಲ್ಲಿ ಗ್ರಂಥವನ್ನು ಬರೆದರು.

ಇನ್ನು ಕಂದಾಯದ ವಿಷಯ. ೧೮೮೨ರಿಂದ ೧೮೮೬ರವರೆಗೆ ದೊಕುಚಾಯೆವ್ ನಿಜ್ನಿ ನವ್‌ಗೊರೊದ್ ಪ್ರಾಂತದಲ್ಲಿ ನಡೆಸಿದ ಸರ್ವೆಯು ತೆರಿಗೆಯ ನಿರ್ಧಾರಕ್ಕಾಗಿಯೇ ನಡೆಯಿತು. ಅದಕ್ಕೆ ಎಷ್ಟೋ ಮೊದಲು ನಮ್ಮ ಧಾರವಾಡ ಸೀಮೆಯಲ್ಲಿ ವಿಂಗೇಟ್ ಮೊದಲಾದ ಅಧಿಕಾರಿಗಳೂ ಇದೇ ಉದ್ದೇಶದಿಂದ ಹೊಲಹೊಲದಲ್ಲಿ ನೆಲವನ್ನು ಅಗೆಸಿ ನೋಡಿದ್ದರು. ೧೮೪೭ರ ಜಂಟಿ ವರದಿಯ ಕ್ರಮದಂತೆ ಬಣ್ಣ ಮತ್ತು ಕಣದಿಂದ ಮೂರು ತರಗತಿ, ಆಳದಿಂದ ಒಂಬತ್ತು ವರ್ಗ. ಒಂದೂಮುಕ್ಕಾಲು ಮೊಳ ಆಳದ ಉತ್ತಮ ಕರಿಯ ನೆಲಕ್ಕೆ ಹದಿನಾರು ಆಣೆ. ಸುಣ್ಣದ ಹರಳು, ಮರಳಿನ ಬೆರಕೆ, ಇಳಿಜಾರುಗಳಿದ್ದರೆ ಇಳಿಕೆ. ನಮ್ಮ ರೈತರ ಎರೆ, ಮಸಾರಿಗಳ ಭೇದವೇ ಇಲ್ಲಿ ಆಣೆಯ ಲೆಕ್ಕಕ್ಕೆ ಬಂದಿತೆನ್ನಬಹುದು. ಅದೇ ಗುಂಡಿ, ಅದೇ ತೆರಿಗೆ. ಆದರೆ ಒಂದೆಡೆ ಶಾಸ್ತ್ರ ಹುಟ್ಟಿತು, ಇನ್ನೊಂದೆಡೆ ದರದ ಪಟ್ಟಿ ಹುಟ್ಟಿತು. ಇದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಈ ನೆಲವು ಎಷ್ಟು ಕೊಡಬಲ್ಲುದು ಎಂದು ಬಂದೋಬಸ್ತಿನವರು ಕೇಳಿದರು. ಇದು ಹೀಗೇಕಾಯಿತು ಎಂದು ದೊಕುಚಾಯೆವ್ ಕೇಳಿದರು. ಮೂವತ್ತು ವರ್ಷದ ದರವನ್ನು ಗೊತ್ತುಪಡಿಸಬೇಕಾದವರಿಗೆ ಎರಡನೆಯ ಪ್ರಶ್ನೆಗೆ ಬಿಡುವಿರಲಿಲ್ಲ.

ಆ ಪ್ರಶ್ನೆಯ ಬೆಲೆಯನ್ನು ನಮ್ಮ ಎರೆಯೇ ತೋರಿಸುತ್ತದೆ. ಬಣ್ಣವನ್ನು ಕಂಡು ಹಿಂದೆ ಕೆಲವರು ಇದನ್ನು ರಷ್ಯದ ಚೆರ್ನೊಜೆಮ್ಮಿಗೆ ಹೋಲಿಸಿದ್ದುಂಟು. ಚೆರ್ನೊಜೆಮ್ಮಿನ ಕಪ್ಪು ಹುಲ್ಲುಬೇರುಗಳು ಕೊಳೆತು ಉಳಿದ ಹೇರಳವಾದ ಸಸ್ಯಾಂಶದ್ದು. ಎರೆಯಲ್ಲಿ ಆ ಅಂಶ ಅಲ್ಪ. ತೇವದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಜೇಡಿಯೇ ಅದರ ಮುಖ್ಯ ಲಕ್ಷಣ. ಬಣ್ಣವೊಂದೇ ಆದರೂ ಕುಲ ಬೇರೆ.

ಗ್ಲಿಂಕಾ ಅದೇ ವರ್ಷದ ನವೆಂಬರಿನಲ್ಲಿ ತೀರಿಕೊಂಡರು. ೧೯೩೦ರ ಸಮ್ಮೇಳನವು ಲೆನಿನ್‌ಗ್ರಾಡ್ ಮತ್ತು ಮಾಸ್ಕೋಗಳಲ್ಲಿ ಗೆದ್ರೊಯ್ಟ್ಸ್ ಅವರ ಅಧ್ಯಕ್ಷತೆಯಲ್ಲಿ ನಡೆಯಿತು. ಮಾರ್ಬಟ್ ೧೯೩೫ರಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನವನ್ನು ಮುಗಿಸಿಕೊಂಡು ಚೀನಕ್ಕೆ ಹೊರಟು ದಾರಿಯಲ್ಲಿ ಹಾರ್ಬಿನ್ನಿನಲ್ಲಿ ಮಡಿದರು. ಯೆನಿಯವರು ಭಾರತದ ಮಣ್ಣುಗಳ ಸಾರಜನಕ, ಸಸ್ಯಾಂಶಗಳನ್ನು ಕುರಿತು ರಾಯಚೌಧುರಿಯವರೊಡನೆ ಬರೆದ ಗ್ರಂಥವು ೧೯೬೦ರಲ್ಲಿ ಪ್ರಕಟವಾಯಿತು. ಹನ್ನೆರಡನೆಯ ಮಹಾಸಮ್ಮೇಳನವು ೧೯೮೨ರ ಫೆಬ್ರವರಿಯಲ್ಲಿ ಹೊಸದೆಹಲಿಯಲ್ಲಿ ಸೇರಿತು.