‘ನಿಮಗೇ ಬಿಟ್ಟದ್ದು’ ಎನ್ನುವ ಊಟ

ಹೋಟೆಲಿನಲ್ಲಿ ಕುಳಿತೊಡನೆ ‘ತಿನ್ನಲು ಏನೇನಿದೆ?’ ಎಂದು ಕೇಳುವುದು ಎಲ್ಲರ ರೂಢಿ. ಜಪಾನಿನ ಕೆಲವು ಸುಶಿ ಹೋಟೆಲುಗಳಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲ. ಅಲ್ಲಿನ ಪದ್ಧತಿಯ ಹೆಸರು ‘ಒಮಕಾಸೆ’. ಅಂದರೆ ‘ನಿಮಗೇ ಬಿಟ್ಟದ್ದು’. ಅಂದು ಸಿಕ್ಕ ಒಳ್ಳೆಯ ಮೀನು ನೋಡಿ, ಏನು ಬಡಿಸಬೇಕೆಂದು ಬಾಣಸಿಗನೇ ನಿರ್ಧರಿಸುತ್ತಾನೆ.

ಟೋಕಿಯೋದ ಗಿಂಜಾ ಬಡಾವಣೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಇಂಥ ಹೋಟೆಲೊಂದಿದೆ. ಹೆಸರು ‘ಸುಕಿಯಾಬಾಶಿ ಜಿರೋ’. 1965ರಲ್ಲಿ ಇದನ್ನು ತೆರೆದವರು ಜಿರೋ ಓನೊ. ಇರುವುದು ಹತ್ತೇ ಆಸನ. ವಿನೆಗರ್ ಬೆರೆಸಿದ ಅನ್ನದ ಪುಟ್ಟ ಉಂಡೆ, ಅದರ ಮೇಲೊಂದು ಮೀನಿನ ತುಣುಕು: ಇದೇ ಸುಶಿ. ಅನ್ನ ಮೈಬಿಸಿಯಷ್ಟೇ ಬೆಚ್ಚಗಿರಬೇಕಾದ್ದರಿಂದ ಒಂದೊಂದಾಗಿ ಕೈಯಲ್ಲೇ ಒತ್ತಿ ಎದುರಿಗಿಡುತ್ತಾರೆ, ಇಟ್ಟೊಡನೆ ತಿನ್ನಬೇಕು. ಬಂದವರು ಎಡಗೈಯವರೆಂದು ಗೊತ್ತಾದರೆ ಮುಂದಿನದನ್ನು ಆ ಕೈಗೆ ಅನುಕೂಲವಾಗುವಂತೆ ಇಡುತ್ತಾರೆ.

ಪರಸ್ಥಳದವರು ಕಣ್ಣುಮುಚ್ಚಿ ಹೀಗೆ ನಂಬುವುದಾದರೂ ಹೇಗೆ? ಉತ್ತರ ಅಡುಗೆಮನೆಯೊಳಗಿದೆ. ಇಲ್ಲಿ ಪೂರ್ಣ ಕಲಿಕೆಗೆ ಹತ್ತು ವರ್ಷ. ಹೊಸಬ ಮೀನು ಮುಟ್ಟುವುದಕ್ಕೂ ಮೊದಲು, ಗಿರಾಕಿಗಳಿಗೆ ಕೊಡುವ ಸುಡುಸುಡು ಕೈವಸ್ತ್ರ ಹಿಂಡುವುದನ್ನು ಕಲಿಯಬೇಕು. ಮೊಟ್ಟೆಯ ಸುಶಿ ಮಾಡಲು ಅವಕಾಶ ಸಿಗುವುದು ಕೊನೆಗೆ. ದೈಸುಕೆ ನಕಜಾವಾ ಎಂಬ ಶಿಷ್ಯ ಇನ್ನೂರಕ್ಕೂ ಹೆಚ್ಚು ಸಲ ಮೊಟ್ಟೆ ಬೇಯಿಸಿ ತಂದರೂ ಗುರುವಿಗೆ ಒಪ್ಪಿಗೆಯಾಗಲಿಲ್ಲ. ಒಪ್ಪಿದ ದಿನ ಆತ ಅತ್ತುಬಿಟ್ಟ. 2013ರಲ್ಲಿ ಆತನದೇ ಹೆಸರಿನ ಹೋಟೆಲು ನ್ಯೂಯಾರ್ಕಿನಲ್ಲಿ ತೆರೆಯಿತು.

ಇಷ್ಟು ವರ್ಷ ಬೇಕೇ ಎಂದು ಜಪಾನಿನಲ್ಲೇ ಕೇಳುವವರಿದ್ದಾರೆ. ಕೆಲವೇ ತಿಂಗಳಲ್ಲಿ ಸುಶಿ ಕಲಿಸುವ ಶಾಲೆಗಳೂ ಅಲ್ಲಿವೆ. ಅಪ್ಪನ ಹಟಕ್ಕೆ ಮಕ್ಕಳು ತೆರುವ ಬೆಲೆಯ ಪ್ರಶ್ನೆಯೂ ಇದೆ. ಜಿರೋ ತಮ್ಮ ಇಬ್ಬರು ಗಂಡುಮಕ್ಕಳನ್ನು ಪ್ರೌಢಶಾಲೆ ಮುಗಿದೊಡನೆ ಕಾಲೇಜಿಗೆ ಕಳಿಸದೆ ಅಂಗಡಿಗೆ ಹಚ್ಚಿದರು. ಹಿರಿಯ ಮಗ ಯೋಶಿಕಾಜು ಐವತ್ತು ದಾಟಿದ ಮೇಲೂ ಅಪ್ಪನ ನೆರಳಲ್ಲೇ ದುಡಿದರು.

2007ರಲ್ಲಿ ಮಿಶೆಲಿನ್ ಮಾರ್ಗದರ್ಶಿ ಈ ಪುಟ್ಟ ಹೋಟೆಲಿಗೆ ತನ್ನ ಅತ್ಯುನ್ನತ ಗೌರವವಾದ ಮೂರು ನಕ್ಷತ್ರ ನೀಡಿತು. 2014ರಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಇಲ್ಲಿ ಉಂಡರು. ಸಾರ್ವಜನಿಕರಿಗೆ ನೇರವಾಗಿ ಜಾಗ ಕಾದಿರಿಸಲು ಅವಕಾಶವಿಲ್ಲವೆಂಬ ಕಾರಣಕ್ಕೆ 2019ರಲ್ಲಿ ಮಿಶೆಲಿನ್ ಪಟ್ಟಿಯಿಂದ ಹೆಸರು ಬಿಟ್ಟುಹೋಯಿತು. 2025ರ ಅಕ್ಟೋಬರಿನಲ್ಲಿ ಜಿರೋ ಅವರಿಗೆ ನೂರು ತುಂಬಿತು.

ಈ ಹೋಟೆಲಿನ ಕುರಿತು 2011ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ಜಪಾನಿನ ಆಹಾರ ವಿಮರ್ಶಕರೊಬ್ಬರು ಒಂದು ಗುಟ್ಟು ಹೇಳುತ್ತಾರೆ. ಮಿಶೆಲಿನ್ ಪರೀಕ್ಷಕರು ಬಂದಾಗ ಅವರಿಗೆ ಸುಶಿ ಮಾಡಿಕೊಟ್ಟದ್ದು ಜಿರೋ ಅಲ್ಲ, ಯೋಶಿಕಾಜು!

ಫಲಕದಲ್ಲಿ ಇದ್ದದ್ದು ಅಪ್ಪನ ಹೆಸರು. ಪರೀಕ್ಷೆ ಪಾಸು ಮಾಡಿದ್ದು ಮಗನ ಕೈ. ಮಕ್ಕಳ ಮುಂದಿನ ದಾರಿಯನ್ನು ತಾವೇ ಆರಿಸುವ ತಂದೆತಾಯಿಗಳೂ, ಕಲಿಕೆ ನಿಧಾನವಾಯಿತೆಂದು ಕೈಚೆಲ್ಲುವ ಮಕ್ಕಳೂ ಒಮ್ಮೆ ಕೂತು ಯೋಚಿಸಬೇಕಾದ ಸಂಗತಿಯಲ್ಲವೇ ಇದು?