ಹಳೆಯಬೀಡಿನ ಗರುಡಗಂಬ

ಹಳೆಯಬೀಡಿಗೆ ಹೋಗಿ ಬಂದವರನ್ನು ಅಲ್ಲಿ ಏನು ಕಂಡಿರಿ ಎಂದು ವಿಚಾರಿಸಿದರೆ, ಆನೆಗಳ ಸಾಲು, ಕುದುರೆಗಳ ಸಾಲು, ರಾಮಾಯಣ ಭಾರತಗಳ ಕಥೆ, ದೊಡ್ಡ ನಂದಿ ಎಂದು ಉತ್ತರ ಬರುವುದು ಸಹಜ. ಮೊದಲನೆಯ ಸಲ ಹೋದಾಗ ನಾನೂ ಅಷ್ಟನ್ನೇ ಕಂಡು ಹಿಂದಿರುಗಿದವನು. ಎರಡನೆಯ ಸಲ ಹೋದಾಗ, ಗೋಡೆಯ ಶಿಲ್ಪಗಳನ್ನು ನೋಡಿ ನೋಡಿ ಕಣ್ಣು ಸೋತು, ದೇವಾಲಯದ ಹೊರಗೆ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ಕುಳಿತೆನು. ಆಗ ಎದುರಿಗೆ ಕಂಡದ್ದು ಒಂದು ಕಲ್ಲುಕಂಬ. ಆ ಕಂಬದ ವಿಷಯವನ್ನು ಈ ಹೊತ್ತು ತಮ್ಮ ಮುಂದೆ ಅರಿಕೆಮಾಡಬೇಕೆಂದು ಆಶಿಸಿದ್ದೇನೆ.

ದೇವಾಲಯದ ವೃತ್ತಾಂತ ಬಹುಮಂದಿಗೆ ತಿಳಿದದ್ದೇ. ಹೊಯ್ಸಳರ ರಾಜಧಾನಿಯಾಗಿದ್ದ ಈ ಊರಿಗೆ ಆಗ ದೋರಸಮುದ್ರವೆಂದು ಹೆಸರು. ಪಕ್ಕದಲ್ಲಿರುವ ದೊಡ್ಡ ಕೆರೆಯೇ ಆ ಸಮುದ್ರ. ವಿಷ್ಣುವರ್ಧನನ ಆಳಿಕೆಯಲ್ಲಿ, ಕ್ರಿ. ಶ. ೧೧೨೧ರ ಸುಮಾರಿನಲ್ಲಿ, ಕೇತಮಲ್ಲನೆಂಬ ಅಧಿಕಾರಿಯು ಹೊಯ್ಸಳೇಶ್ವರನ ಗುಡಿಯನ್ನು ಕಟ್ಟಿಸಲಾರಂಭಿಸಿದನು. ಅದಕ್ಕೆ ಜೋಡಿಯಾಗಿ ಶಾಂತಲೇಶ್ವರನ ಗುಡಿಯೂ ಎದ್ದಿತು. ಬಳಪದ ಕಲ್ಲು ಭೂಮಿಯಿಂದ ಎತ್ತಿದ ಹೊಸತರಲ್ಲಿ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಡುಸಾಗುತ್ತದೆ. ಉಳಿಯ ಮೊನೆಯಲ್ಲಿ ಮುತ್ತಿನ ಸರವನ್ನೂ ಬೆರಳಿನ ಉಗುರನ್ನೂ ಬಿಡಿಸಿ ತೋರಿಸಲು ಶಿಲ್ಪಿಗಳಿಗೆ ಸಾಧ್ಯವಾದದ್ದು ಆ ಕಲ್ಲಿನ ಗುಣದಿಂದಲೂ ಹೌದು. ಫರ್ಗ್ಯುಸನ್ನನೆಂಬ ಸ್ಕಾಟ್ಲೆಂಡಿನ ವಿದ್ವಾಂಸನು ಇದನ್ನು ಅಥೆನ್ಸಿನ ಪಾರ್ಥೆನಾನಿನೊಡನೆ ಹೋಲಿಸಿ, ಎರಡೂ ಶಿಲ್ಪಕಲೆಯ ಎರಡು ತುದಿಗಳೆಂದು ಎಣಿಸಿದನು. ೨೦೨೩ರಲ್ಲಿ ಬೇಲೂರು, ಸೋಮನಾಥಪುರಗಳೊಡನೆ ಇದಕ್ಕೂ ವಿಶ್ವಪರಂಪರೆಯ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಇದಿಷ್ಟು ಗುಡಿಯ ಮಾತು.

ಇನ್ನು ಕಂಬ. ಇದರ ಮೇಲೆ ಕೆತ್ತಿರುವವರು ದೇವತೆಗಳಲ್ಲ, ನರ್ತಕಿಯರೂ ಅಲ್ಲ. ಕೈಯಲ್ಲಿ ಕತ್ತಿ ಹಿಡಿದ ಆಳುಗಳು. ದೂರದಿಂದ ನೋಡಿದರೆ ಯುದ್ಧದ ಚಿತ್ರವೆಂದೇ ತೋರುತ್ತದೆ. ಹತ್ತಿರ ಹೋಗಿ ನೋಡಿದರೆ ಶತ್ರುವೇ ಇಲ್ಲ! ಕೆಲವರು ತಮ್ಮ ಶಿರಸ್ಸನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದಾರೆ. ಕಂಬದ ಮೇಲಿನ ಹಳಗನ್ನಡ ಶಾಸನವು ಇದರ ಕಾರಣವನ್ನು ತಿಳಿಸುತ್ತದೆ. ೧೧೭೩ರಿಂದ ೧೨೨೦ರವರೆಗೆ ಆಳಿದ ಇಮ್ಮಡಿ ವೀರಬಲ್ಲಾಳನಲ್ಲಿ ಕುವರ ಲಕ್ಷ್ಮನೆಂಬ ದಂಡನಾಯಕನಿದ್ದನು. ಕುವರನೆಂದರೆ ಮಗ; ದೊರೆಗೆ ಇವನಲ್ಲಿದ್ದ ವಾತ್ಸಲ್ಯವನ್ನು ಆ ಒಂದು ಮಾತಿನಿಂದಲೇ ಊಹಿಸಬಹುದು. ದೊರೆ ತೀರಿಕೊಂಡಾಗ ಲಕ್ಷ್ಮನು ಪ್ರಾಣವನ್ನು ಬಿಟ್ಟನು. ಅವನೊಡನೆ ಹೆಂಡತಿ ಸುಗ್ಗಲದೇವಿ, ಅವರೊಡನೆ ಸಾವಿರ ಮಂದಿ ವೀರರು.

ಇಂಥವರಿಗೆ ಗರುಡರೆಂದು ಹೆಸರು. ಒಡೆಯನು ಬದುಕಿರುವವರೆಗೆ ಅವನ ಮೈಗಾವಲಾಗಿದ್ದು, ಅವನು ಹೋದರೆ ತಾವೂ ಹೋಗುವೆವೆಂದು ಭಾಷೆ ಕೊಟ್ಟವರು. ಈ ವಾಡಿಕೆ ಹೊಯ್ಸಳರಲ್ಲಿಯೇ ಹುಟ್ಟಿದ್ದಲ್ಲ. ಗಂಗರ ಕಾಲದಲ್ಲಿ ಸತ್ತ ಅರಸನೊಡನೆ ಆಪ್ತಸೇವಕನು ಪ್ರಾಣ ಕೊಡುವುದನ್ನು ಕೀಳ್ಗುಂಟೆ ಎನ್ನುತ್ತಿದ್ದರು. ಲೆಂಕ, ವೇಳೆವಾಳಿ, ಜೋಳವಾಳಿ ಎಂಬ ಮಾತುಗಳು ನಮ್ಮ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಮತ್ತೆ ಮತ್ತೆ ಬರುತ್ತವೆ. ಈ ಕೊನೆಯ ಮಾತು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಉಂಡ ಜೋಳದ ಋಣವನ್ನು ತೀರಿಸುವುದೇ ಜೋಳವಾಳಿ. ನಮ್ಮ ಹಿರಿಯರು ಸ್ವಾಮಿಭಕ್ತಿಯನ್ನು ಅಳೆಯುವಾಗ ಕೀರ್ತಿ, ಸ್ವರ್ಗಗಳ ಜೊತೆಗೆ ಊಟದ ಎಲೆಯನ್ನೂ ಮರೆತವರಲ್ಲ.

ಹೆಸರಿನ ವಿಷಯದಲ್ಲಿ ಒಂದು ಸೋಜಿಗ. ಪುರಾಣದ ಗರುಡನು ಅಮೃತವನ್ನು ತಂದದ್ದು ಏತಕ್ಕೆ? ತಾಯಿ ವಿನತೆಯನ್ನು ದಾಸ್ಯದಿಂದ ಬಿಡಿಸುವುದಕ್ಕೆ. ದಾಸ್ಯವಿಮೋಚನೆಗಾಗಿ ದೇವೇಂದ್ರನೊಡನೆ ಕಾದಿದವನ ಹೆಸರನ್ನು, ದಾಸ್ಯವನ್ನು ಸಾವಿನ ಆಚೆಗೂ ಒಯ್ಯಲು ಒಪ್ಪಿದವರು ಧರಿಸಿದರು. ವಿಷ್ಣುವಿನ ಅಗಲದ ಸೇವಕನಾದ ಗರುಡನೇ ಅವರ ಮನಸ್ಸಿನಲ್ಲಿ ಇದ್ದವನು, ನಿಜ. ಆದರೂ ಆ ಕಂಬದ ಬುಡದಲ್ಲಿ ಕುಳಿತವನಿಗೆ ಮೊದಲಿನ ಕಥೆಯೇ ನೆನಪಿಗೆ ಬರುತ್ತದೆ.

ಇದನ್ನು ಮೆಚ್ಚಬೇಕೆ, ಮರುಗಬೇಕೆ? ಮೂಢತನವೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ನನಗೆ ಸರಿತೋರದು. ಕೊಟ್ಟ ಮಾತಿಗೆ ಅಷ್ಟು ಬೆಲೆಯಿದ್ದ ಕಾಲವನ್ನು ನಾವು ಹಗುರವಾಗಿ ನಗಲಾರೆವು. ಆದರೆ ಶಾಸನವು ಹೊಗಳುವುದಕ್ಕಾಗಿ ಬರೆದದ್ದು. ಆ ಸಾವಿರ ಮಂದಿಯ ಮನೆಗಳಲ್ಲಿ ಅಂದು ರಾತ್ರಿ ಒಲೆಯ ಮುಂದೆ ಯಾರು ಕುಳಿತಿದ್ದರು ಎಂಬುದನ್ನು ಅದು ಹೇಳುವುದಿಲ್ಲ. ಸುಗ್ಗಲದೇವಿಯ ಸ್ವಂತ ಮಾತು ಒಂದಾದರೂ ಉಳಿದಿದ್ದರೆ, ಕಂಬವನ್ನು ನಾವು ಬೇರೆ ರೀತಿಯಲ್ಲಿ ಓದುತ್ತಿದ್ದೆವೋ ಏನೋ.

ಋಣವೆಂಬುದು ಆಳಿಗೆ ಮಾತ್ರವೇ, ಅರಸನಿಗೂ ಉಂಟೇ? ಇದೇ ಊರಿನ ಚರಿತ್ರೆಯಲ್ಲಿ ಅದಕ್ಕೂ ಒಂದು ಪ್ರಕರಣವಿದೆ. ಕಂಬದ ವೀರರು ಮಡಿದು ತೊಂಬತ್ತೊಂದು ವರ್ಷಗಳಾದ ಮೇಲೆ, ೧೩೧೧ರಲ್ಲಿ, ಅಲ್ಲಾವುದ್ದೀನ್ ಖಲ್ಜಿಯ ಸೇನಾನಿ ಮಲ್ಲಿಕ್ ಕಾಫರನು ದೋರಸಮುದ್ರವನ್ನು ಮುತ್ತಿದನು. ಪಾಂಡ್ಯರ ದಾಯಾದಿ ಕಲಹದಲ್ಲಿ ಕೈಹಾಕಲು ದಕ್ಷಿಣಕ್ಕೆ ಹೋಗಿದ್ದ ಮುಮ್ಮಡಿ ಬಲ್ಲಾಳನು ತ್ವರೆಯಿಂದ ಹಿಂದಿರುಗಿ ನೋಡಿದನು. ಕಡೆಯವರೆಗೂ ಕಾದಿ ಸಾಯುವುದನ್ನು ಬಿಟ್ಟು, ಆನೆ ಕುದುರೆ ಐಶ್ವರ್ಯಗಳನ್ನು ಒಪ್ಪಿಸಿ ಸಂಧಿಮಾಡಿಕೊಂಡನು. ಅವನ ಮಗನು ದೆಹಲಿಗೆ ಹೋಗಬೇಕಾಯಿತು, ೧೩೧೩ರಲ್ಲಿ ಹಿಂದಿರುಗಿದನು. ಹಿಂದಿನ ಗರುಡರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ! ಒಂದು ಊರಿನ ಜನ ಉಳಿಯಬೇಕಾದರೆ ದೊರೆ ತಲೆ ಬಾಗಬೇಕಾದ ದಿನವೂ ಒಂದುಂಟೆಂದು ನನಗಂತೂ ತೋರುತ್ತದೆ. ಬಲ್ಲಾಳನು ಹೇಡಿಯಲ್ಲ. ೧೩೨೭ರಲ್ಲಿ ತುಘಲಕನ ಸೈನ್ಯದಿಂದ ರಾಜಧಾನಿ ಮತ್ತೆ ಹಾಳಾದ ಬಳಿಕ ತಿರುವಣ್ಣಾಮಲೆಯಲ್ಲಿ ನಿಂತು ಹೋರಾಡಿದನು. ಎಂಬತ್ತರ ಮುಪ್ಪಿನಲ್ಲಿ ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಹತನಾದನು. ಅವನ ಚರ್ಮಕ್ಕೆ ಹುಲ್ಲು ತುಂಬಿ ಮಧುರೆಯ ಕೋಟೆಗೋಡೆಗೆ ತೂಗುಹಾಕಿದ್ದುದನ್ನು ತಾನು ಕಂಡೆನೆಂದು ಇಬ್ನ್ ಬತೂತನು ಬರೆದಿದ್ದಾನೆ. ಆ ದೊರೆಯ ಹೆಸರಿಗೆ ಇಲ್ಲಿ ಇಂಥ ಕಂಬವಿಲ್ಲ.

ಹೊತ್ತು ಇಳಿದಿತ್ತು. ಶಾಲೆಯ ಹುಡುಗನೊಬ್ಬನು ತಂದೆಯ ಕೈಹಿಡಿದು ಕಂಬದ ಹತ್ತಿರ ಬಂದು, ಇವರು ಯಾರೊಡನೆ ಯುದ್ಧಮಾಡುತ್ತಿದ್ದಾರೆ ಎಂದು ಕೇಳಿದನು. ತಂದೆ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆಗೆ ತಿರುಗಿ, “ತಮಗೇನಾದರೂ ಗೊತ್ತೇ, ಸ್ವಾಮಿ?” ಎಂದರು. ನಾನು ಎದ್ದು ಹೋಗಿ, ಲಕ್ಷ್ಮನ ಕಥೆಯನ್ನು ಮೊದಲಿನಿಂದ ಹೇಳತೊಡಗಿದೆನು.