ಬಟ್ಟೆ ಮುಟ್ಟಿ ನೋಡುವ ಅಂಗಡಿ ಇನ್ನಿಲ್ಲ

ಸೀರೆಗೆ ಒಪ್ಪುವ ರವಿಕೆ ಬಟ್ಟೆ ಬೇಕೆಂದರೆ ನಮ್ಮ ತಾಯಂದಿರು ಏನು ಮಾಡುತ್ತಾರೆ? ಸೀರೆಯನ್ನೇ ಚೀಲಕ್ಕೆ ಹಾಕಿಕೊಂಡು ಮ್ಯಾಚಿಂಗ್ ಸೆಂಟರಿಗೆ ಹೋಗುತ್ತಾರೆ. ಎರಡನ್ನೂ ಅಕ್ಕಪಕ್ಕ ಹಿಡಿದು, ಬೇಕಾದರೆ ಅಂಗಡಿಯ ಹೊರಗೆ ಬಿಸಿಲಿಗೆ ತಂದು ನೋಡಿ, ಆಮೇಲೆ ಕತ್ತರಿ ಹಾಕಿಸುತ್ತಾರೆ. ಅಮೆರಿಕದಲ್ಲಿ ಮನೆಯಲ್ಲೇ ಹೊಲಿಗೆ ಮಾಡುವ ಅನೇಕರಿಗೆ ಇಂಥ ಅನುಕೂಲ 2025ರಲ್ಲಿ ತಪ್ಪಿಹೋಯಿತು. ಬಟ್ಟೆ, ಹೊಲಿಗೆ ಸಾಮಗ್ರಿಗಳ ದೊಡ್ಡ ಅಂಗಡಿ ಸರಣಿ 'ಜೋ-ಆನ್' ಆ ವರ್ಷದ ಮೇ ಕೊನೆಯ ಹೊತ್ತಿಗೆ ತನ್ನೆಲ್ಲ ಅಂಗಡಿಗಳ ಬಾಗಿಲು ಮುಚ್ಚಿತು.

1943ರಲ್ಲಿ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಒಂದು ಅಂಗಡಿಯಾಗಿ ಹುಟ್ಟಿದ ವ್ಯಾಪಾರವಿದು. ಸ್ಥಾಪಕ ಕುಟುಂಬಗಳ ಇಬ್ಬರು ಹೆಣ್ಣುಮಕ್ಕಳ ಹೆಸರು ಬೆಸೆದು 'ಜೋ-ಆನ್' ಆಯಿತು. ಮುಚ್ಚುವ ಮುನ್ನ 49 ರಾಜ್ಯಗಳಲ್ಲಿ ಸುಮಾರು 800 ಅಂಗಡಿಗಳು, 19,000ದಷ್ಟು ನೌಕರರು. ಇದರ ಪ್ರತಿಸ್ಪರ್ಧಿಯಾಗಿದ್ದ 'ಹ್ಯಾಂಕಾಕ್ ಫ್ಯಾಬ್ರಿಕ್ಸ್' 2016ರಲ್ಲೇ ಕಣ್ಮರೆಯಾಗಿತ್ತು.

ಹಾಗಾದರೆ ಗಿರಾಕಿಗಳೇ ಇರಲಿಲ್ಲವೇ? ಇದ್ದರು. 2020ರಲ್ಲಿ ಕೊರೊನಾ ಬಂದಾಗ ಮುಖಗವಸು ಹೊಲಿಯಲೆಂದು ಜನ ಬಟ್ಟೆಗೆ ಮುಗಿಬಿದ್ದಿದ್ದರು. ಆ ಭರಾಟೆ ಇಳಿದಾಗ ಉಳಿದದ್ದು ಸಾಲ. 2024ರ ಮಾರ್ಚಿನಲ್ಲಿ ಒಮ್ಮೆ, 2025ರ ಜನವರಿಯಲ್ಲಿ ಮತ್ತೊಮ್ಮೆ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಎರಡನೆಯ ಬಾರಿ ಸಾಲ 60 ಕೋಟಿ ಡಾಲರ್ ಮೀರಿತ್ತು. ಹರಾಜಿನಲ್ಲಿ ಕೊಂಡವರು ಅಂಗಡಿಗಳನ್ನು ನಡೆಸದೆ ಮಾಲು ಮಾರಿ ಮುಗಿಸಿದರು.

ಇದರ ಬಿಸಿ ತಟ್ಟಿದ್ದು ಯಾರಿಗೆ? ಅಲ್ಲಿ ನಮ್ಮಂತೆ ಬೀದಿಗೊಬ್ಬ ದರ್ಜಿ ಇಲ್ಲ. ಶಾಲೆಯ ನಾಟಕದ ಉಡುಪು, ಕ್ವಿಲ್ಟ್ ಎನ್ನುವ ಅಲ್ಲಿಯ ಕೌದಿ, ಕಿಟಕಿಯ ಪರದೆ, ಇವನ್ನೆಲ್ಲ ಮನೆಯಲ್ಲೇ ಹೊಲಿಯುವವರು ಸಾಕಷ್ಟು ಜನ. ಅಚ್ಚು ಹಾಕಿದ ಕಾಗದದ ಪ್ಯಾಟರ್ನ್ ಕೊಂಡು, ಅದರ ಲಕೋಟೆಯ ಹಿಂದೆ ಬರೆದಂತೆ ಇಷ್ಟು ಗಜ ಬಟ್ಟೆ, ಇಷ್ಟುದ್ದದ ಜಿಪ್, ಇಷ್ಟು ಗುಂಡಿ ಎಂದು ಒಂದೇ ಅಂಗಡಿಯಲ್ಲಿ ಎಲ್ಲವನ್ನೂ ಆರಿಸುತ್ತಿದ್ದರು. ಅಮ್ಮನ ಜೊತೆ ಹೋದ ಮಗಳು ಥಾನಿನ ತುದಿ ಹಿಡಿದು ಎಳೆದು, ಯಾವುದು ಹಿಗ್ಗುತ್ತದೆ, ಯಾವುದು ಜೋತು ಬೀಳುತ್ತದೆ, ಯಾವುದು ಸೆಟೆದು ನಿಲ್ಲುತ್ತದೆ ಎಂದು ಬೆರಳಿನಿಂದಲೇ ಕಲಿಯುತ್ತಿದ್ದಳು.

ಕಂಪ್ಯೂಟರ್ ಪರದೆ ಈ ಪಾಠ ಹೇಳಲಾರದು. ಒಂದೇ ನೀಲಿ ಒಂದೊಂದು ಪರದೆಯಲ್ಲಿ ಒಂದೊಂದು ನೀಲಿ! ತೂಕವನ್ನು ಅಂಕಿಯಲ್ಲಿ ಬರೆದರೂ ಹೊಸಬರಿಗೆ ಅದರ ಅಂದಾಜು ಸಿಗುವುದಿಲ್ಲ. ಅಳತೆಗೆ ಕತ್ತರಿಸಿದ ಬಟ್ಟೆಯನ್ನು ಅನೇಕ ಕಡೆ ಹಿಂದಕ್ಕೆ ಪಡೆಯುವುದೂ ಇಲ್ಲ. ಮೊದಲ ಸಲವೇ ದುಡ್ಡು ಕಳೆದುಕೊಂಡ ಹುಡುಗ ಅಥವಾ ಹುಡುಗಿ ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂರುವುದು ಕಷ್ಟ.

ದಾರಿ ಪೂರ್ತಿ ಮುಚ್ಚಿಲ್ಲ. 'ಜೋ-ಆನ್' ಹೆಸರನ್ನು 2025ರ ಜೂನ್‌ನಲ್ಲಿ ಕೊಂಡ 'ಮೈಕಲ್ಸ್' ಸಂಸ್ಥೆ ತನ್ನ ಅಂಗಡಿಗಳಲ್ಲಿ ಬಟ್ಟೆಗೂ ಹೆಚ್ಚು ಜಾಗ ಕೊಟ್ಟಿತು. ಕೌದಿಯವರಿಗಾಗಿಯೇ ಇರುವ ಸಣ್ಣ ಅಂಗಡಿಗಳೂ ಇವೆ. ಆದರೆ ಅಲ್ಲಿ ಹೆಚ್ಚಾಗಿ ಸಿಗುವುದು ಹತ್ತಿಯ ಬಟ್ಟೆ.

ದೂರದಿಂದ ತರಿಸಲೇಬೇಕಾದಾಗ ಅನುಭವಸ್ಥರು ಮೊದಲು ಅಂಗೈಯಗಲದ ಮಾದರಿ ತುಂಡು ತರಿಸುತ್ತಾರೆ. ಅದನ್ನು ಅಳೆದು, ಒಗೆದು, ಒಣಗಿಸಿ ಎಷ್ಟು ಕುಗ್ಗಿತೆಂದು ನೋಡುತ್ತಾರೆ. ಮುಷ್ಟಿಯಲ್ಲಿ ಹಿಂಡಿ ಸುಕ್ಕು ಪರೀಕ್ಷಿಸುತ್ತಾರೆ. ಬಳಿಕ ನೋಟ್‌ಬುಕ್ಕಿಗೆ ಅಂಟಿಸಿ ಪಕ್ಕದಲ್ಲಿ ಹೆಸರು, ತೂಕ, ಬೆಲೆ ಬರೆದಿಡುತ್ತಾರೆ. ನಮ್ಮ ಮಕ್ಕಳೂ ದರ್ಜಿ ಅಂಗಡಿಯಲ್ಲಿ ಉಳಿದ ಚೂರುಗಳಿಂದ ಇಂಥದೊಂದು ಪುಸ್ತಕ ಮಾಡಬಹುದು. ಇದಕ್ಕೆ ಬೇಕಾದುದು ಒಂದು ಹಳೆಯ ನೋಟ್‌ಬುಕ್, ಸ್ವಲ್ಪ ಅಂಟು, ದರ್ಜಿಯನ್ನು ಪ್ರಶ್ನೆ ಕೇಳುವ ಧೈರ್ಯ.